ಕನ್ನಡಕ ಒರೆಸುವ ಹೊತ್ತು

ಈಗಿನ ದೆವ್ವಗಳಿಗೆ ಮಾನ ಮರ್ಯಾದೆ ಇಲ್ಲ ಎಂಬುದು ಕನ್ನಡಕದವರ ಗಟ್ಟಿ ಅಭಿಪ್ರಾಯ. ಕನ್ನಡಕದ ಅಂಗಡಿ ಇಟ್ಟಿದ್ದರಿಂದ ಬೀದಿಯವರೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದರು. ಅವರದೇ ಕನ್ನಡಕವೂ ಹೆಸರಿಗೆ ತಕ್ಕ ಹಾಗೇ ಇತ್ತು. (ಅದನ್ನು ತೆಗೆದರೆ ಎದುರಿಗೆ ನಿಂತಿರುವುದು ಹೆಂಡತಿಯೋ ಬೀರುವೋ ಎಂದು ಮುಟ್ಟಿ ನೋಡಬೇಕು. ಮುಟ್ಟಿದ ಮೇಲೆ ಬೈಗುಳ ಬಂದರೆ ಹೆಂಡತಿ.)

"ನಮ್ಮ ಕಾಲದ ದೆವ್ವಕ್ಕೆ ಒಂದು ಶಿಸ್ತಿತ್ತು" ಎಂದು ಅವರು ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಏರಿಸಿ, ಅವನು ಎದ್ದು ಹೋಗಲಾರದ ಸ್ಥಿತಿಗೆ ತಂದ ಮೇಲೆ ಶುರು ಮಾಡುತ್ತಿದ್ದರು. "ಕತ್ತಲಾದ ಮೇಲೆ ಬರೋದು. ಒಬ್ಬರೇ ಇದ್ದಾಗ ಬರೋದು. ಬಾಗಿಲು ಕಿರುಗುಟ್ಟಿಸಿ, ಬಂದಿದ್ದೀನಿ ಅಂತ ತಿಳಿಸಿ ಬರೋದು. ಈಗಿನದು? ಹಾಡುಹಗಲೇ ಅಡುಗೆಮನೇಲಿ ಕೂತಿರುತ್ತೆ. ಕೇಳಿದ್ರೆ, ಚಿಕ್ಕಂದಿನಲ್ಲಿ ಅದಕ್ಕೆ ಯಾರೂ ಪ್ರೀತಿ ಕೊಡಲಿಲ್ಲವಂತೆ. ನಾವು ಹೆದರಬೇಕೋ, ಕರ್ಚೀಫು ತೆಗೀಬೇಕೋ? ಈಗ ಹೇಳಿ, ಇದು ಚೆನ್ನಾಗಿದೆಯೋ, ಮೊದಲಿನದು ಚೆನ್ನಾಗಿತ್ತೋ?"

ಕೊನೆಯ ಪ್ರಶ್ನೆ ಫ್ರೇಮಿನೊಳಗೆ ಬದಲಾಯಿಸಿದ ಗಾಜಿನ ಬಗ್ಗೆ. ಗಿರಾಕಿ ಪಾಪ, ದೆವ್ವದ ಬಗ್ಗೆ ಎಂದುಕೊಂಡು "ಮೊದಲಿನದೇ ಚೆನ್ನಾಗಿತ್ತು ಸಾರ್" ಎನ್ನುತ್ತಿದ್ದ. ಹೀಗಾಗಿ ಅರ್ಧ ಊರು ತಪ್ಪು ನಂಬರಿನ ಕನ್ನಡಕದಲ್ಲಿ ಎಡವುತ್ತಾ ಓಡಾಡುತ್ತಿದೆ ಎಂಬುದು ಅವರ ಹೆಂಡತಿಯ ಆರೋಪ.

ಕನ್ನಡಕದವರ ಸಂಕಟ ಮಾತ್ರ ದೊಡ್ಡದು. ಒಂದು ಕಾಲದಲ್ಲಿ ಸಿನಿಮಾ ಮಂದಿರದ ಕತ್ತಲಲ್ಲಿ, ಗುರುತಿಲ್ಲದ ನೂರಾರು ಜನ ಒಟ್ಟಿಗೆ ಉಸಿರು ಬಿಗಿಹಿಡಿದು ಒಟ್ಟಿಗೆ ಬಿಡುತ್ತಿದ್ದರು. ಪಕ್ಕದಲ್ಲಿ ಕೂತವನು ಯಾರೆಂದು ತಿಳಿಯದಿದ್ದರೂ ಅವನ ಮೊಣಕೈ ಒಂದು ಧೈರ್ಯ. ಈಗ ಜನ ಬಸ್ಸಿನಲ್ಲಿ ನಿಂತುಕೊಂಡು, ಫೋನಿನೊಳಗೆ ಹೆಬ್ಬೆರಳಿನಷ್ಟು ದೆವ್ವ ನೋಡುತ್ತಾರೆ. ಅದು ಬಾಯಿ ತೆರೆಯುವಷ್ಟರಲ್ಲಿ ಸ್ಟಾಪು ಬರುತ್ತದೆ, ಅದನ್ನು ಹಾಗೇ ಬಾಯಿ ತೆರೆಸಿ ನಿಲ್ಲಿಸಿ ಇಳಿದುಹೋಗುತ್ತಾರೆ. ಸ್ವಂತ ಮಗನೇ ದೆವ್ವದ ಸಿನಿಮಾವನ್ನು ಎರಡರಷ್ಟು ವೇಗದಲ್ಲಿ ಓಡಿಸುತ್ತಿದ್ದ. "ಟೈಮ್ ಉಳಿಯುತ್ತಲ್ಲಪ್ಪಾ" ಎಂದಿದ್ದ. ಉಳಿದ ಟೈಮಿನಲ್ಲಿ ಏನು ಮಾಡುತ್ತೀಯೋ ಎಂದು ಕೇಳಿದರೆ, "ಇನ್ನೊಂದು ನೋಡ್ತೀನಿ."

"ಭಯ ಹೋಯ್ತು ನೋಡು, ಅದರ ಹಿಂದೇನೇ ಎಲ್ಲ ಹೋಯ್ತು" ಎಂದು ಅವರು ಹೆಂಡತಿಗೆ ಹೇಳುತ್ತಿದ್ದರು. "ಹೆದರೋರು ಒಬ್ಬರ ಪಕ್ಕ ಒಬ್ಬರು ಕೂರ್ತಾರೆ. ಹೆದರಿಕೆ ಇಲ್ಲದೋರಿಗೆ ಯಾರ ಪಕ್ಕ ಯಾಕೆ ಬೇಕು? ಅವರವರ ರೂಮು, ಅವರವರ ಬಾಗಿಲು, ಅವರವರ ಚಿಲಕ. ನಮ್ಮಪ್ಪ ಕೆಮ್ಮಿದ್ರೆ ನಾವು ಎದ್ದು ನಿಲ್ತಿದ್ವಿ. ಈಗ ನಾನು ಮಗಳ ರೂಮಿಗೆ ಹೋಗೋಕೆ ಬಾಗಿಲು ತಟ್ಟಿ, ಕೆಮ್ಮಿ, ಅಪ್ಪಣೆ ಕೇಳಿ ನಿಂತ್ಕೋಬೇಕು."

"ಕೆಮ್ಮಿಗೆ ಔಷಧಿ ತಗೊಳ್ಳಿ" ಎಂದು ಹೆಂಡತಿ ಬಟ್ಟೆ ಮಡಿಸುತ್ತಿದ್ದಳು.

ಈ ಎಲ್ಲ ತತ್ತ್ವದ ತಳದಲ್ಲಿ ಒಂದೇ ಮುಳ್ಳಿತ್ತು. ಮಗಳು ಮನೆ ಬಿಟ್ಟು ಹೋಗುವವಳಿದ್ದಳು. ದೂರಕ್ಕೇನಲ್ಲ, ಅದೇ ಊರಿನ ಇನ್ನೊಂದು ತುದಿಗೆ. ಅವಳು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಪಾಳಿ ಮುಗಿಸಿ ಬಸ್ಸು ಕಾದು ಬರುವುದು ಕಷ್ಟವಾಗಿ, ಆಸ್ಪತ್ರೆಯ ಎದುರಿಗೆ ಮಹಡಿಯ ಮೇಲೊಂದು ಕೋಣೆ ಹಿಡಿದಿದ್ದಳು. ಒಬ್ಬಳೇ ಇರಲು. ಕೇಳಲಿಲ್ಲ, ಹೇಳಿದಳು, ಅದೂ ತಟ್ಟೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡು. ಕನ್ನಡಕದವರು ಗದರಲು ಬಾಯಿ ತೆರೆದರು. ಗದರುವುದು ಹೇಗೆಂದು ಮರೆತುಹೋಗಿತ್ತು. "ನೀರು ಸಣ್ಣಗೆ ಬಿಡು" ಎಂದಷ್ಟೇ ಹೇಳಿ ಹೊರಗೆ ಬಂದರು.

ಆಗಲೇ ಅವರಿಗೆ ಆ ಹಳೆಯ ಸಿನಿಮಾ ನೆನಪಾದದ್ದು.

ಅದು ಅವರ ಯೌವನದ ಸಿನಿಮಾ. ಒಬ್ಬ ಹುಡುಗಿ ಮಹಡಿಯ ಮೇಲೆ ಬಾಡಿಗೆ ಕೋಣೆ ಹಿಡಿಯುತ್ತಾಳೆ. ಹಿಂದೆ ಅಲ್ಲಿದ್ದು ಸತ್ತವಳು ಗೋಡೆಯ ಕಪಾಟಿನಿಂದ ಈಚೆ ಬರುತ್ತಾಳೆ. ಅಷ್ಟೇ ಕಥೆ. ಮಗಳು ಚಿಕ್ಕವಳಿದ್ದಾಗ ಅಪ್ಪ ಮಗಳು ಅದನ್ನು ಟೀವಿಯಲ್ಲಿ ಎಷ್ಟೋ ಭಾನುವಾರ ನೋಡಿದ್ದರು. ಕಪಾಟಿನ ಬಾಗಿಲು ತೆರೆಯುವ ಹೊತ್ತಿಗೆ ಮಗಳು ಬಂದು ಅಪ್ಪನ ತೋಳು ಹಿಡಿದು, ಅಂಗಿಯ ತೋಳಿನೊಳಗೆ ಮುಖ ಹುದುಗಿಸುತ್ತಿದ್ದಳು. ಆ ಪುಟ್ಟ ಹಣೆಯ ಬಿಸಿ ಅವರ ತೋಳಿಗೆ ಇವತ್ತಿಗೂ ನೆನಪಿತ್ತು. ಜೀವಮಾನದಲ್ಲಿ ಅವರನ್ನು ಯಾರಾದರೂ ವೀರ ಎಂದು ತಿಳಿದಿದ್ದರೆ ಆ ಹಣೆಯೊಂದೇ.

"ಆ ದೆವ್ವ ಅಂದ್ರೆ ದೆವ್ವ! ಬೆಳ್ಳಗೆ, ಹೊಗೆ ಥರ, ಅಂಚೇ ಇಲ್ಲ ಅದಕ್ಕೆ. ಎಲ್ಲಿ ಶುರು, ಎಲ್ಲಿ ಮುಗಿಯೋದು ಗೊತ್ತಾಗಲ್ಲ. ಈಗ ಯಾರು ಮಾಡ್ತಾರೆ ಹಾಗೆ?" ಎಂದು ಅವರು ವರ್ಣಿಸುತ್ತಿದ್ದರು.

(ಇಲ್ಲೊಂದು ಸಣ್ಣ ವಿಷಯ. ಎಷ್ಟು ಸಲ ನೋಡಿದರೂ, ಕಪಾಟಿನ ಬಾಗಿಲು ತೆರೆಯುವ ಸಮಯಕ್ಕೆ ಸರಿಯಾಗಿ ಅವರ ಕನ್ನಡಕಕ್ಕೆ ಧೂಳು ಹಿಡಿಯುತ್ತಿತ್ತು. ಅವರು ಅದನ್ನು ತೆಗೆದು, ಅಂಗಿಯ ಚುಂಗಿನಿಂದ ವೃತ್ತಿಗೌರವಕ್ಕೆ ತಕ್ಕಂತೆ ಸಾವಕಾಶವಾಗಿ ಒರೆಸಿ, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ದೆವ್ವ ಕೆಲಸ ಮುಗಿಸಿ ಹೋಗಿರುತ್ತಿತ್ತು.)

ಆ ಸಿನಿಮಾ ಮಗಳಿಗೆ ಇನ್ನೊಮ್ಮೆ ತೋರಿಸಬೇಕು. ಮಹಡಿ, ಬಾಡಿಗೆ ಕೋಣೆ, ಒಂಟಿ ಹುಡುಗಿ. ಅವಳು ಬಂದು ತೋಳು ಹಿಡಿಯುತ್ತಾಳೆ, "ಅಪ್ಪಾ, ನಾನು ಇಲ್ಲೇ ಇರ್ತೀನಿ" ಅನ್ನುತ್ತಾಳೆ. ಅಪ್ಪನ ಗದರಿಕೆಯಿಂದ ಆಗದ್ದನ್ನು ದೆವ್ವ ಮಾಡಿಕೊಡುತ್ತದೆ. ಯೋಜನೆಯ ಸೊಬಗಿಗೆ ಅವರೇ ಬೆರಗಾದರು.

ಭಾನುವಾರ ಮಧ್ಯಾಹ್ನ ಮನೆಯ ಟೀವಿಯಲ್ಲಿ ಪ್ರದರ್ಶನ. ಅಂಗಡಿಯ ಕಣ್ಣು ಪರೀಕ್ಷೆಯ ಕೋಣೆಗೆ ಕಟ್ಟಿದ್ದ ಕರಿ ಪರದೆ ಬಿಚ್ಚಿ ತಂದು ಹಾಲಿನ ಕಿಟಕಿಗೆ ಇಳಿಬಿಟ್ಟರು. ಎಲ್ಲರ ಫೋನು ವಸೂಲಿ ಮಾಡಿ, ಹಳೆಯ ಫ್ರೇಮುಗಳ ಡಬ್ಬಿಯಲ್ಲಿಟ್ಟು ಮುಚ್ಚಿದರು. ನಡುವೆ ನಿಲ್ಲಿಸುವಂತಿಲ್ಲ, ಓಡಿಸುವಂತಿಲ್ಲ, ನಗುವಂತಿಲ್ಲ ಎಂದು ಕಟ್ಟಪ್ಪಣೆ ಹೊರಡಿಸಿದರು.

"ಕೆಮ್ಮಬಹುದಾ?" ಎಂದಳು ಹೆಂಡತಿ.

"ನಂಗೊಂದು ಗಂಟೇಲಿ ಮುಗಿಸಿಕೊಡು" ಎಂದ ಮಗ.

ಅತ್ತೆಯವರು (ಹೆಂಡತಿಯ ತಾಯಿ) ಮೊರದ ತುಂಬ ಬಟಾಣಿ ಇಟ್ಟುಕೊಂಡು ಸುಲಿಯುತ್ತಾ ಮುಂದಿನ ಸಾಲಿನಲ್ಲಿ ಕೂತರು. ಅವರಿಗೆ ಕಣ್ಣಿನ ಪೊರೆ ತೆಗೆಸಿ, ಹೊಸ ಕನ್ನಡಕ ಹಾಕಿಸಿದ್ದರು. ಅಳಿಯನೇ ಸ್ವಂತ ಕೈಯಿಂದ ಅಳತೆ ನೋಡಿ ಕೊಟ್ಟದ್ದು. ಅದಾದ ಮೇಲೆ ಅವರಿಗೆ ಮೂಲೆಯ ಜೇಡರ ಬಲೆ, ಅಳಿಯನ ಅಂಗಿಯ ಕಲೆ, ಎದುರು ಮನೆಯ ಜಗಳ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಮಗಳು ಕೊನೆಗೆ ಬಂದಳು. ಅವಳ ಕೋಣೆಯಲ್ಲಿ ಅರ್ಧ ಕಟ್ಟಿದ ರಟ್ಟಿನ ಪೆಟ್ಟಿಗೆಗಳಿದ್ದವು. ಅಪ್ಪನ ಪಕ್ಕ ಕೂತು, ಅವರ ಕನ್ನಡಕ ತೆಗೆದುಕೊಂಡು, ಬಾಯಿಂದ ಹಬೆ ಊದಿ, ಮೆತ್ತನೆ ಬಟ್ಟೆಯಿಂದ ಎರಡೂ ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅವರ ಮೂಗಿಗೇರಿಸಿದಳು.

"ಹೆದರಿಕೆ ಆದ್ರೆ ಹೇಳು ಮಗಾ, ನಾನಿದ್ದೀನಿ" ಎಂದರು ಕನ್ನಡಕದವರು.

"ದಿನಾ ಅಸ್ಥಿಪಂಜರಕ್ಕೆ ಉಸಿರು ಬಿಗಿಹಿಡಿ, ಅಲ್ಲಾಡಬೇಡ ಅಂತ ಹೇಳೋಳು ನಾನು" ಎಂದು ಮಗಳು ನಕ್ಕಳು.

ಸಿನಿಮಾ ಶುರುವಾಯಿತು. ಕೊಂಚ ಹೊತ್ತಿಗೆ ಹೆಂಡತಿ ತೂಕಡಿಸಿದಳು. ಮಗ ಖಾಲಿ ಅಂಗೈಯ ಮೇಲೆ ಹೆಬ್ಬೆರಳು ಸರಿಸುತ್ತಾ ಕೂತಿದ್ದ. ತೆರೆಯ ಮೇಲಿನ ಹುಡುಗಿ ಮೆಟ್ಟಿಲು ಹತ್ತಿದಳು, ಕೋಣೆಗೆ ಬಂದಳು, ದೀಪ ಆರಿಸಿದಳು. ಕಪಾಟು ಕಿರುಗುಟ್ಟಿತು. ಕನ್ನಡಕದವರ ಎದೆಯೂ ಕಿರುಗುಟ್ಟಿತು. ಅವರ ಕೈ ಅಭ್ಯಾಸಬಲದಿಂದ ಕನ್ನಡಕದ ಕಡೆ ಏರಿತು.

ಮಗಳು ಆ ಕೈಯನ್ನು ದಾರಿಯಲ್ಲೇ ಹಿಡಿದುಕೊಂಡಳು. ಹಿಡಿದು, ತನ್ನ ಎರಡೂ ಅಂಗೈಯ ನಡುವೆ ಇಟ್ಟುಕೊಂಡಳು.

ಎಷ್ಟು ವರ್ಷದ ಮೇಲೆ! ಕನ್ನಡಕದವರ ಕಣ್ಣು ಮಂಜಾಗುವಂತಾಯಿತು. ಹೆದರಿದ್ದಾಳೆ, ನನ್ನ ಮಗಳು ಹೆದರಿದ್ದಾಳೆ! ಆ ಕೈ ಬಿಡಿಸಿಕೊಂಡು ಕನ್ನಡಕ ತೆಗೆಯಲು ಯಾವ ತಂದೆಗೆ ಮನಸ್ಸು ಬಂದೀತು? ಅವರು ಅಲ್ಲಾಡಲಿಲ್ಲ. ಕನ್ನಡಕ ಮೂಗಿನ ಮೇಲೆಯೇ ಉಳಿಯಿತು. ಹಾಗೆ, ಇಷ್ಟು ವರ್ಷ ಹಾಡಿ ಹೊಗಳಿದ ದೆವ್ವವನ್ನು ಅವರು ಮೊಟ್ಟಮೊದಲ ಬಾರಿಗೆ ಕಣ್ಣು ಬಿಟ್ಟು ನೋಡಿದರು.

ಅದಕ್ಕೆ ಅಂಚಿತ್ತು. ಅಂಚಿಗೆ ಹೊಲಿಗೆಯೂ ಇತ್ತು. ಹಾಸಿಗೆಯ ಮೇಲುಹೊದಿಕೆ ಸುತ್ತಿಕೊಂಡ ಒಬ್ಬ ದಪ್ಪ ಮನುಷ್ಯ, ಕಪಾಟಿನ ಅಂಚಿಗೆ ತಲೆ ತಗುಲೀತೆಂದು ಬಗ್ಗಿ, ಎಚ್ಚರಿಕೆಯಿಂದ ಒಂದೊಂದೇ ಕಾಲು ಈಚೆಗಿಟ್ಟು ಬರುತ್ತಿದ್ದ. ಬಂದವನು ಕೈ ಎತ್ತಿದ.

"ಅಳಿಯಂದ್ರೆ" ಎಂದರು ಅತ್ತೆಯವರು ಬಟಾಣಿ ಬಿಡಿಸುತ್ತಾ, "ದೆವ್ವದ ಕೈಯಲ್ಲಿ ವಾಚಿದೆ."

"ಇಲ್ಲ!" ಎಂದರು ಕನ್ನಡಕದವರು. ಇತ್ತು. ಚರ್ಮದ ಪಟ್ಟಿಯದು.

"ನಮ್ಮ ಗೋಡೆ ಗಡಿಯಾರಕ್ಕಿಂತ ಹಿಂದಿದೆ ಅದು. ಕೀಲಿ ಕೊಟ್ಟಿಲ್ಲ ಅಂತ ಕಾಣುತ್ತೆ."

ಮೊದಲು ಮಗ ನಕ್ಕ. ಆ ನಗುವಿಗೆ ಹೆಂಡತಿ ಎಚ್ಚೆತ್ತು, ಏನೆಂದು ಕೇಳಿ, ಅವಳೂ ಸೆರಗು ಬಾಯಿಗಿಟ್ಟುಕೊಂಡಳು. "ಅಪ್ಪಾ, ದೆವ್ವಕ್ಕೆ ಡ್ಯೂಟಿ ಮುಗಿಯೋ ಟೈಮು!" ಎಂದು ಮಗ ನೆಲದ ಮೇಲೆ ಉರುಳಿದ. ಅಪ್ಪಣೆಗಳೆಲ್ಲ ಗಾಳಿಗೆ ಹೋದವು. ಒಟ್ಟಿಗೆ ಉಸಿರು ಬಿಗಿಹಿಡಿಯಲೆಂದು ಕೂರಿಸಿದ ಕುಟುಂಬ, ಎಷ್ಟೋ ದಿನದ ಮೇಲೆ ಒಟ್ಟಿಗೆ ನಗುತ್ತಿತ್ತು. ಆ ಸಂತೋಷದ ಹೊರಗೆ ಇದ್ದವರು ಅದನ್ನು ಏರ್ಪಡಿಸಿದವರೊಬ್ಬರೇ.

ಮಗಳು ಮಾತ್ರ ಜೋರಾಗಿ ನಗಲಿಲ್ಲ. ಮೆಲ್ಲಗೆ, "ಅಪ್ಪಾ, ಈಗ ಹೇಳು, ಇದು ಚೆನ್ನಾಗಿದೆಯೋ, ಮೊದಲಿನದು ಚೆನ್ನಾಗಿತ್ತೋ?" ಎಂದಳು.

"ನಿನಗೆ ಮೊದಲೇ ಗೊತ್ತಿತ್ತಾ? ವಾಚು?"

"ಚಿಕ್ಕಂದಿನಿಂದ."

"ಮತ್ತೆ ಹೆದರಿ ತೋಳು ಹಿಡ್ಕೋತಿದ್ದೆ?"

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಕಿಟಕಿ ನೋಡಿದಳು. (ಅದಕ್ಕೆ ಕರಿ ಪರದೆ ಇತ್ತು.)

"ಹೇಳೇ" ಎಂದರು ಕನ್ನಡಕದವರು ಹೆಂಡತಿಗೆ.

"ಹೇಳೋದೇನಿದೆ? ಆ ಕಪಾಟು ತೆಗೆದ್ರೆ ನೀವು ಗಡಗಡ ನಡುಗ್ತಿದ್ರಿ. ಆಮೇಲೆ ಬಚ್ಚಲುಮನೆಗೆ ಹೋಗೋಕೂ ನನ್ನನ್ನ ಎಬ್ಬಿಸ್ತಿದ್ರಿ. ಅದಕ್ಕೆ ಮಗೂನ ಕಳಿಸ್ತಿದ್ದೆ, ಹೋಗಿ ಅಪ್ಪನ ತೋಳು ಹಿಡ್ಕೊಂಡು ಕೂತ್ಕೋ, ಅವರಿಗೆ ಧೈರ್ಯ ಬರುತ್ತೆ ಅಂತ."

"ಮುಖ ಯಾಕೆ ಮುಚ್ಕೋತಿದ್ದೆ ಮತ್ತೆ?"

"ನಗು ಬರ್ತಿತ್ತಪ್ಪಾ" ಎಂದಳು ಮಗಳು. "ನಿನಗೆ ಬೇಜಾರಾಗುತ್ತೆ ಅಂತ."

ತೋಳಿನ ಮೇಲೆ ಇಷ್ಟು ವರ್ಷ ಬೆಚ್ಚಗಿದ್ದ ಒಂದು ಜಾಗ ತಣ್ಣಗಾಯಿತು. ಆ ವೀರ ಯಾರು, ಕಾವಲು ಕೂತದ್ದು ಯಾರು, ಎಲ್ಲ ಈಗ ಅತ್ತೆಯವರ ಕಣ್ಣಿನಷ್ಟೇ ಸ್ಪಷ್ಟ. ಕನ್ನಡಕದವರು ಕೊನೆಯ ಆಸೆಯಿಂದ ಕೇಳಿದರು: "ಹಾಗಾದ್ರೆ ಆ ಮಹಡಿ ಕೋಣೆ?"

"ನಾಳೆ ಗಾಡಿ ಬರುತ್ತೆ. ನೀನೇನೂ ಯೋಚನೆ ಮಾಡ್ಬೇಡ. ಇನ್ಮೇಲೆ ನಿನ್ನ ಪಕ್ಕ ಕೂರೋಕೆ ಇವನಿಗೆ ಹೇಳಿಕೊಟ್ಟಿದ್ದೀನಿ" ಎಂದು ತಮ್ಮನ ಕಡೆ ಕೈ ತೋರಿಸಿದಳು.

"ಎರಡರಷ್ಟು ಸ್ಪೀಡಾದ್ರೆ ಕೂರ್ತೀನಿ" ಎಂದ ಮಗ. ಎದ್ದು ಫ್ರೇಮಿನ ಡಬ್ಬಿಯ ಮುಚ್ಚಳ ತೆಗೆದ.

ಸಿನಿಮಾ ಮುಗಿದು ಟೀವಿ ಆರಿತು. ಪರದೆ ಸರಿಸುವವರಿರಲಿಲ್ಲ. ಹೆಂಡತಿ, ಮಗ ತಂತಮ್ಮ ಫೋನು ತೆಗೆದುಕೊಂಡು ಒಂದೊಂದು ಮೂಲೆ ಹಿಡಿದರು. ಕನ್ನಡಕದವರು ಕನ್ನಡಕವನ್ನು ನೆತ್ತಿಗೇರಿಸಿ ಕಣ್ಣುಜ್ಜಿಕೊಂಡರು. ಉಜ್ಜಿ ನೋಡಿದರೆ, ಕತ್ತಲ ಹಾಲಿನ ಎರಡು ಮೂಲೆಗಳಲ್ಲಿ ಫೋನಿನ ಬೆಳಕಿಗೆ ಬೆಳ್ಳಗೆ, ಹೊಗೆಯಂಥ ಎರಡು ಮುಖಗಳು ತೇಲುತ್ತಿದ್ದವು. ಅವಕ್ಕೆ ಅಂಚಿರಲಿಲ್ಲ. ಎಲ್ಲಿ ಶುರು, ಎಲ್ಲಿ ಮುಗಿಯುವುದು ಗೊತ್ತಾಗುತ್ತಿರಲಿಲ್ಲ. ಒಂದೂ ಇವರ ಕಡೆ ತಿರುಗಲಿಲ್ಲ. ಕಳೆದುಹೋಯಿತೆಂದುಕೊಂಡ ಆ ಹಳೆಯ, ಅಪ್ಪಟ ಭಯ ಕಾಲಿನಿಂದ ಮೇಲಕ್ಕೇರಿತು.

ಪೆಟ್ಟಿಗೆ ಕಟ್ಟಲೆಂದು ಎದ್ದ ಮಗಳು ಮುಂದೆ ಹೆಜ್ಜೆ ಇಡಲಾಗದೆ ನಿಂತಳು. ಅವಳ ಅಂಗಿಯ ತೋಳು ಅಪ್ಪನ ಮುಷ್ಟಿಯಲ್ಲಿತ್ತು.

"ಸಿನಿಮಾ ಮುಗೀತಲ್ಲಪ್ಪಾ. ಇನ್ನೂ ಯಾಕೆ ಹಿಡ್ಕೊಂಡಿದ್ದೀಯ?"

"ಹಿಡ್ಕೊಂಡಿಲ್ಲಮ್ಮಾ" ಎಂದರು ಕನ್ನಡಕದವರು, ಆ ತೋಳಿನ ಚುಂಗನ್ನು ಬೆರಳ ನಡುವೆ ವೃತ್ತಿಗೌರವಕ್ಕೆ ತಕ್ಕಂತೆ ಸಾವಕಾಶವಾಗಿ ತಿಕ್ಕುತ್ತಾ. "ಕನ್ನಡಕ ಒರೆಸ್ಕೋತಾ ಇದ್ದೀನಿ."

"ಅಳಿಯಂದ್ರೆ" ಎಂದರು ಅತ್ತೆಯವರು ಕತ್ತಲಲ್ಲೂ ಬಟಾಣಿಯ ಒಂದು ಕಾಳು ತಪ್ಪದಂತೆ ಬಿಡಿಸುತ್ತಾ, "ಕನ್ನಡಕ ನಿಮ್ಮ ತಲೆ ಮೇಲಿದೆ."