ಮಾವನ ಮಷೀನು ಸೈಕಲ್ ಹತ್ತಿದ್ದು

ನಮ್ಮ ಮನೆಯಲ್ಲಿ ಯಾವ ವಸ್ತುವೂ ತಾನು ಹುಟ್ಟಿದ ರೂಪದಲ್ಲೇ ಮುದಿಯಾದದ್ದನ್ನು ನಾನು ಕಂಡಿಲ್ಲ. ಮದುವೆಯಲ್ಲಿ ಸೋದರಮಾವ ಕೊಟ್ಟ ಟೇಬಲ್ ಫ್ಯಾನು ಮೂರೇ ತಿಂಗಳಿಗೆ ರಾಗಿ ತೂರುವ ಯಂತ್ರವಾಯಿತು. ಹಳೇ ಮಿಕ್ಸಿಯ ಮೋಟರು ಕೆಲಕಾಲ ತುಳಸಿಗಿಡಕ್ಕೆ ನೀರು ಹಾಕಿ, ಒಂದು ದಿನ ಗಿಡವನ್ನೇ ಬುಡಸಮೇತ ಎತ್ತಿ ಹಾಕಿತು. ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವರನ್ನು ಕಟ್ಟಿಕೊಂಡವಳು ಇದಕ್ಕೆಲ್ಲ ಬೆಚ್ಚಬಾರದು ಅಂತಾರೆ. ನಾನು ಬೆಚ್ಚುತ್ತಲೇ ಇದ್ದೇನೆ. ಅದರಲ್ಲೂ ತೊಂಬತ್ತರ ದಶಕದ ಕೊನೆಯ ಆ ಸೈಕಲ್ಲನ್ನು ನೆನೆದರೆ, ಈಗಲೂ ಕೈಯಲ್ಲಿರುವುದನ್ನು ಒಮ್ಮೆ ಕೆಳಗಿಟ್ಟು ಕೂರುತ್ತೇನೆ.

೧. ಹತ್ತು ನಿಮಿಷದ ರಿಪೇರಿ

ಆಗ ನಾವು ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮದುವೆಯಾಗಿ ನಾಲ್ಕು ವರ್ಷ. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಟೀಚರು. ನಮ್ಮವರ ಕಾಲೇಜು ಕ್ಯಾತ್ಸಂದ್ರದ ಆಚೆ. ದಿನಾ ಸೈಕಲ್ ತುಳಿದು ಮಂಡಿ ನೋವು ಅಂತಿದ್ದರು. ಸ್ಕೂಟರ್ ತಗೊಳ್ಳಿ ಅಂದರೆ, "ಅದನ್ನ ಆಗಲೇ ಯಾರೋ ಮಾಡಿಬಿಟ್ಟಿದಾರಲ್ಲೇ. ನಾನು ಮಾಡೋದಕ್ಕೆ ಏನು ಉಳಿದಿದೆ ಅದರಲ್ಲಿ?" ಅಂತ ಕೇಳಿದರು. ಬಿ.ಎ. ಓದಿದ ನಾನು ಅವರ ಮಂಡಿಗೆ ಹಚ್ಚಲು ಎಣ್ಣೆ ಬಿಸಿಗಿಟ್ಟೆ.

ಆ ದೀಪಾವಳಿಗೆ ಕುಣಿಗಲ್ ಕಡೆ ನಮ್ಮ ಅತ್ತೆಯ ಮನೆಗೆ ಹೋಗಿದ್ದೆವು. ಮಾವನವರ ಮಾವಿನ ತೋಟದಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪೆಟ್ರೋಲ್ ಎಂಜಿನ್ನಿನ ಮಷೀನು ಇತ್ತು. ಹಗ್ಗ ಎಳೆದರೆ ಕೆಮ್ಮುತ್ತಿತ್ತೇ ಹೊರತು ಏಳುತ್ತಿರಲಿಲ್ಲ. "ನಾನು ರಿಪೇರಿ ಮಾಡಿಸಿ ತರ್ತೀನಿ ಬಿಡಪ್ಪ" ಅಂದರು ನಮ್ಮವರು. ಮಾವ ಮಗನ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ಕೇಳಿದರು: "ಮಾವು ಹೂ ಬುಡೋ ಹೊತ್ಗೆ ಮಷೀನು ತೋಟದಾಗಿರ್ತದೇನವ್ವ? ನೀನು ಹೇಳು, ನಂಬ್ತೀನಿ. ಇವ್ನು ಹೇಳಿದ್ರೆ ನಂಬಲ್ಲ."

"ಇರುತ್ತೆ ಮಾವ" ಅಂದೆ. ಆ ಮನೆಯಲ್ಲಿ ನನ್ನ ಮಾತಿಗಿದ್ದ ಬೆಲೆ ಅದು. ಸೊಸೆಯಾಗಿ ನಾನು ಗಳಿಸಿದ್ದ ಒಂದೇ ಆಸ್ತಿ ಅಂದರೂ ಸರಿ.

ತುಮಕೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಭಾಯಿ ಒಬ್ಬರಿದ್ದರು. ಪ್ಲಗ್ ಬಿಚ್ಚಿ, ಮಸಿ ಕೆರೆದು, ಹತ್ತು ನಿಮಿಷಕ್ಕೆ ಮಷೀನು ಎಬ್ಬಿಸಿಕೊಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಎರಡು ದಿನ ಬಿಟ್ಟು ಚಪಾತಿಗೆ ಹಿಟ್ಟು ಕಲಸಿಟ್ಟು ನೋಡುತ್ತೇನೆ, ಲಟ್ಟಣಿಗೆ ಇಲ್ಲ. ಮನೆಯೆಲ್ಲ ಹುಡುಕಿ ಹಿತ್ತಲಿಗೆ ಹೋದರೆ, ನಮ್ಮವರೂ ಭಾಯಿಯೂ ಸೈಕಲ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಹಿಂದಿನ ಕ್ಯಾರಿಯರ್ ಮೇಲೆ, ಅಂದರೆ ನಾನು ಕೂರಬೇಕಾದ ಜಾಗದಲ್ಲಿ, ಮಾವನ ಎಂಜಿನ್ ಕೂತಿತ್ತು. ಎಂಜಿನ್ನಿನ ಮೂತಿಗೆ ನನ್ನ ಲಟ್ಟಣಿಗೆ. ಅದಕ್ಕೆ ಹಳೇ ಟ್ಯೂಬು ಸುತ್ತಿ, ಹಿಂದಿನ ಟೈರಿಗೆ ಒತ್ತಿ ಕೂರಿಸಿದ್ದರು. ಎಂಜಿನ್ ತಿರುಗಿದರೆ ಲಟ್ಟಣಿಗೆ, ಲಟ್ಟಣಿಗೆ ತಿರುಗಿದರೆ ಚಕ್ರ.

ಲಟ್ಟಣಿಗೆ ಹಿಡಿದು ಎಳೆದು ನೋಡಿದೆ, ಬರಲಿಲ್ಲ. ಭಾಯಿ ಎದ್ದು ನಿಂತು, ಕೈ ಒರೆಸಿಕೊಂಡು, ಸಮಾಧಾನ ಹೇಳಿದರು: "ಗಾಬರಿ ಆಗ್ಬೇಡಿ ಮೇಡಂ. ಚಪಾತಿ ಮಣೆ ನಮಗೆ ಬೇಕಾಗಿಲ್ಲ."

೨. ಬಸ್ ಸ್ಟಾಪಿನ ಮಾತುಕತೆ

ಆ ಗಾಡಿಗೆ ಕ್ಲಚ್ ಇರಲಿಲ್ಲ. ಜೋರಾಗಿ ಪೆಡಲ್ ತುಳಿದರೆ ಎಂಜಿನ್ ಏಳುತ್ತಿತ್ತು, ಬ್ರೇಕ್ ಹಿಡಿದರೆ ಸಾಯುತ್ತಿತ್ತು. ಸತ್ತ ಮೇಲೆ ಅರ್ಧ ಗಂಟೆ ಆರುವವರೆಗೂ ಮತ್ತೆ ಏಳುತ್ತಿರಲಿಲ್ಲ. ಹಾಗಾಗಿ ನಮ್ಮವರು ಒಮ್ಮೆ ಹೊರಟರೆ ಎಲ್ಲೂ ನಿಲ್ಲುತ್ತಿರಲಿಲ್ಲ. ಯಾರಾದರೂ ಸಿಕ್ಕರೆ ಅವರ ಸುತ್ತ ತಿರುಗುತ್ತಾ ಮಾತಾಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಗುಬ್ಬಿ ಬಸ್ಸಿಗೆ ಕಾಯುತ್ತಿದ್ದೆ. ಜೊತೆಗೆ ಹತ್ತಿಪ್ಪತ್ತು ಜನ. ದೂರದಿಂದಲೇ ಆ ಶಬ್ದ ಕೇಳಿಸಿತು. ಪರಿಚಯವಿಲ್ಲದವಳ ಹಾಗೆ ತಲೆ ತಗ್ಗಿಸಿ ನಿಂತೆ. ಗಾಡಿ ನಮ್ಮ ಗುಂಪನ್ನು ಸುತ್ತು ಹಾಕಿತು.

"ಅಪ್ಪ ಫೋನ್ ಮಾಡಿದ್ರು ಕಣೇ" ಅಂದು ನಮ್ಮವರು ದಾಟಿ ಹೋದರು.

ಬಸ್ ಸ್ಟಾಪು ಪೂರ್ತಿ ನನ್ನ ಕಡೆ ನೋಡಿತು. ಗಾಡಿ ಮತ್ತೆ ಬಂತು. "ಮಷೀನು ಎಲ್ಲಿ ಅಂತ ಕೇಳಿದ್ರು."

ಮೂರನೇ ಸುತ್ತಿಗೆ, "ಅವಳನ್ನೇ ಕೇಳಿ ಅಂದೆ. ಸಂಜೆ ಮಾಡ್ತಾರಂತೆ."

ಪಂಚೆ ಉಟ್ಟ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. "ಇಳಿದು ಮಾತಾಡಬಾರದೇನಪ್ಪ" ಅಂದರು.

"ಇಳಿದ್ರೆ ನಿಂತ್ಹೋಗುತ್ತೆ ಸ್ವಾಮಿ" ಅಂದು ನಮ್ಮವರು ಮತ್ತೆ ಮಾಯ. ಅವರು ಬರುವಷ್ಟರಲ್ಲಿ ಜನರೇ ನನಗೆ ಹೇಳಿಕೊಡಲು ಶುರು ಮಾಡಿದ್ದರು. ಕಳ್ಳತನವಾಯಿತು ಅನ್ನಿ ಅಂತ ಒಬ್ಬಾಕೆ. ಪಾಪ, ಹಿರಿಯರಿಗೆ ನಿಜ ಹೇಳಿಬಿಡಿ ಅಂತ ಇನ್ನೊಬ್ಬಾಕೆ. ಅಷ್ಟರಲ್ಲಿ ಗುಬ್ಬಿ ಮೇಲೆ ಹೋಗುವ ನಿಟ್ಟೂರು ಬಸ್ಸು ಬಂತು. ಎಲ್ಲರೂ ಹತ್ತಿದ ಮೇಲೂ ಕಂಡಕ್ಟರು ಸೀಟಿ ಊದಲಿಲ್ಲ. ನಮ್ಮವರು ಬಸ್ಸನ್ನೂ ಸೇರಿಸಿ ಒಂದು ಸುತ್ತು ಹಾಕಿ, "ಏನ್ ಹೇಳ್ತೀಯ?" ಅಂತ ಕಿಟಕಿಯ ಕಡೆ ಕೂಗಿ ಕ್ಯಾತ್ಸಂದ್ರದ ದಾರಿ ಹಿಡಿದರು.

ಗುಬ್ಬಿಯವರೆಗೂ ನಾನು ಮುಖ ಎತ್ತಲಿಲ್ಲ. ಟಿಕೆಟ್ ಹರಿದು ಕೊಡುತ್ತಾ ಕಂಡಕ್ಟರು ಮೆಲ್ಲಗೆ ಬಗ್ಗಿದರು. "ಬೆಂಗಳೂರಿಂದ ಪಾರ್ಟ್ ಬಂದಿಲ್ಲ ಅಂದ್ಬಿಡಿ ಮೇಡಂ. ನಮ್ಮ ಡಿಪೋದಲ್ಲೂ ಅದನ್ನೇ ಹೇಳೋದು."

ಸಂಜೆ ಮಾವನ ಫೋನು ಬಂದಾಗ ನನ್ನ ಬಾಯಿಂದ ಅದೇ ಬಂತು. "ನೀನು ಹೇಳಿದ್ಮೇಲೆ ಸರಿ ಬುಡವ್ವ" ಅಂದು ಅವರು ಫೋನಿಟ್ಟರು. ಆಮೇಲೆ ವಾರಕ್ಕೊಮ್ಮೆ ಕುಣಿಗಲ್ ಪೇಟೆಗೆ ಬಂದಾಗಲೆಲ್ಲ ಬೂತಿನಿಂದ ಫೋನು. ವಾರಕ್ಕೊಮ್ಮೆ ನನ್ನ ಪಾರ್ಟು.

೩. ಸೊಳ್ಳೆ ಹೊಗೆ

ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಭಾಯಿ ಒಂದು ಲೆಕ್ಕ ಹೇಳಿದ್ದರು. ಎಂಜಿನ್ನಿಗೆ ಒಳ್ಳೇದಾಗಲಿ ಅಂತ ನಮ್ಮವರು ಅದರ ಎರಡರಷ್ಟು ಹಾಕಿದರು. ಒಂದು ಸಂಜೆ ಗಾಡಿ ನಮ್ಮ ಬೀದಿಗೆ ತಿರುಗಿದಾಗ ಹಿಂದೆ ಬಂದದ್ದು ಹೊಗೆಯಲ್ಲ, ಬಿಳಿ ಗೋಡೆ. ಜೊತೆಗೆ ಎಂಜಿನ್ನಿಗೆ ವರ್ಷಗಳಿಂದ ಮೆತ್ತಿದ್ದ ತೋಟದ ಔಷಧಿಯ ವಾಸನೆ.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೀದಿಯಲ್ಲಿ ಯಾರೂ ಬೈಯಲಿಲ್ಲ, ಅದೇ ನನಗೆ ಆಶ್ಚರ್ಯ. ಮನೆಮನೆಯಲ್ಲೂ ಕುಡಿಯುವ ನೀರಿಗೆ ತಟ್ಟೆ ಮುಚ್ಚಿದರು, ಮಕ್ಕಳನ್ನು ಒಳಗೆಳೆದುಕೊಂಡರು, ಆಮೇಲೆ ಕಿಟಕಿಗಳನ್ನು ಅಗಲವಾಗಿ ತೆರೆದರು. ಮುನ್ಸಿಪಾಲಿಟಿಯವರ ಸೊಳ್ಳೆ ಹೊಗೆ ಬಂತು ಅಂತ ಅವರೆಲ್ಲ ತಿಳಿದಿದ್ದರು.

ಮೂಲೆಮನೆಯ ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ರಸ್ತೆಗೇ ಬಂದರು. ಹೊಗೆಯಲ್ಲಿ ಅವರಿಗೆ ಮುಖ ಕಾಣಲಿಲ್ಲ. "ಏನಪ್ಪಾ, ಅರ್ಜಿ ಕೊಟ್ಟು ಕೊಟ್ಟು ನನ್ನ ಕೈ ಸೋತೋಯ್ತು. ಮುಂದಿನ ಮೋರಿಗೆ ಹೊಡೆದು ಹೋದ್ರೆ ಆಯ್ತಾ? ಹಿಂದಿನ ಮೋರಿಗೆ ಯಾರು ಬರ್ತಾರೆ?" ನಮ್ಮವರು ಎಂದೂ ಹಿರಿಯರ ಮಾತು ಮೀರಿದವರಲ್ಲ. ಹಿಂದಿನ ಮೋರಿಯ ಕಡೆಗೂ ಎರಡು ಸುತ್ತು ಹಾಕಿ ಬಂದರು.

ಮಾರನೆಯ ಬೆಳಿಗ್ಗೆ ನಮ್ಮ ವಾರ್ಡಿನ ಸದಸ್ಯರು ಬೀದಿಗೆ ಬಂದು, ಕೈ ಮುಗಿಯುತ್ತಾ ಮನೆಮನೆಗೂ ಹೇಳಿಕೊಂಡು ಹೋದರು: "ನಾನೇ ಕಳಿಸಿದ್ದು."

೪. ಮೆತ್ತನೆ ಮರ

ಲಟ್ಟಣಿಗೆ ಟೈರಿಗೆ ಉಜ್ಜಿ ಉಜ್ಜಿ ಸವೆಯುತ್ತಿತ್ತು. ಹದಿನೈದು ದಿನಕ್ಕೆ ಅದು ಸೌಟಿನ ಹಿಡಿಯಷ್ಟು ಸಣ್ಣಗಾಗುತ್ತಿತ್ತು. ಕ್ಯಾತ್ಸಂದ್ರದಲ್ಲಿ ಒಂದು ಪಾತ್ರೆ ಅಂಗಡಿಯಿಂದ ನಮ್ಮವರು ಹೊಸದು ತಂದು ಹಾಕುತ್ತಿದ್ದರು. ಅಂಗಡಿಯವರು ಸಾತ್ವಿಕ ಮನುಷ್ಯ, ಏನೂ ಕೇಳುತ್ತಿರಲಿಲ್ಲವಂತೆ. ಹದಿನೈದು ದಿನಕ್ಕೊಮ್ಮೆ, ಮೈಕೈಗೆಲ್ಲ ಗ್ರೀಸು ಬಳಿದುಕೊಂಡು, ಗಾಡಿಯಿಂದ ಬಿದ್ದು ತರಚಿದ ಮೊಣಕೈಗೆ ಪಟ್ಟಿ ಸುತ್ತಿಕೊಂಡು ಬಂದು, "ಗಟ್ಟಿ ಮರದ್ದು ಕೊಡಿ, ಹಿಂದಿನದು ತಡೀಲಿಲ್ಲ" ಅನ್ನುವ ಗಿರಾಕಿಯನ್ನು ಅವರು ಮರುಕದಿಂದ ನೋಡುತ್ತಿದ್ದರು ಅಷ್ಟೆ.

ಒಂದು ಭಾನುವಾರ ದೇವರಾಯನದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಬರುವಾಗ, ಒಂದು ತಪ್ಪಲೆ ಬೇಕಿತ್ತು ಅಂತ ಅದೇ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ನಮ್ಮವರನ್ನು ನೋಡಿದರು, ಆಮೇಲೆ ಪಕ್ಕದಲ್ಲಿದ್ದ ನನ್ನನ್ನು. ನನಗೆ ಆಗ ನಲವತ್ತೈದು ಕೇಜಿಯೂ ಇರಲಿಲ್ಲ. ಆದರೂ ಅವರು ಒಂದು ಹೆಜ್ಜೆ ಹಿಂದೆ ಸರಿದರು. ನಮ್ಮವರು ತಪ್ಪಲೆ ತಟ್ಟಿ ನೋಡುತ್ತಾ ಆಚೆ ಹೋದಾಗ, ಗಂಟಲು ಸರಿಮಾಡಿಕೊಂಡು ನನ್ನ ಹತ್ತಿರ ಬಂದರು.

"ತಪ್ಪು ತಿಳ್ಕೋಬೇಡಿ ತಾಯಿ" ಅಂದರು. "ಸಂಸಾರ ಅಂದ್ಮೇಲೆ ಇದ್ದದ್ದೇ. ಮುಂದಿನ ಸಲ ಸ್ವಲ್ಪ ಮೆತ್ತಗಿರೋ ಮರದ್ದು ಕೊಡ್ತೀನಿ. ಅದರಲ್ಲೇ ಸುಧಾರಿಸ್ಕೊಳ್ಳಿ."

೫. ನೂರೆಂಟು

ಸಂಕ್ರಾಂತಿ ದಾಟಿತು. ಮಾವು ಹೂ ಬಿಟ್ಟಿತು. "ನಾಳೆ ಬಿಚ್ಚಿ ಕೊಟ್ಬಿಡೋಣ ರೀ" ಅಂತ ನಾನು ದಿನಾ ಅನ್ನುವುದು, "ಈ ವಾರ ಒಂದು ಕಳೀಲಿ" ಅಂತ ಅವರು ಅನ್ನುವುದು. ಫೋನಿನಲ್ಲಿ ಮಾವನ ದನಿ ಮಾತ್ರ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. "ಪಾರ್ಟು ಬಂತೇನವ್ವ" ಅಂತ ಅವರು ಕೇಳಿ ಮುಗಿಸುವ ಮೊದಲೇ ನಾನು ಇಲ್ಲ ಮಾವ ಅಂದುಬಿಡುತ್ತಿದ್ದೆ.

ನಮ್ಮ ಬೀದಿಯ ತುದಿಗೆ ಒಂದು ಅರಳಿಕಟ್ಟೆ. ಬೆಳಿಗ್ಗೆ ಎಂಜಿನ್ ಬಿಸಿಯಾಗುವವರೆಗೂ ನಮ್ಮವರು ಆ ಕಟ್ಟೆಯನ್ನು ಹತ್ತಿಪ್ಪತ್ತು ಸುತ್ತು ಹಾಕಿ, ಆಮೇಲೆ ಕಾಲೇಜಿನ ದಾರಿ ಹಿಡಿಯುತ್ತಿದ್ದರು. ಸಂತಾನ ಬೇಡಿ ಪ್ರದಕ್ಷಿಣೆ ಹಾಕುವ ಹೆಂಗಸರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅವರಲ್ಲೊಬ್ಬಾಕೆ ನಮ್ಮ ಅತ್ತೆಯ ಊರಿನ ಕಡೆಯವರು ಅನ್ನುವುದು ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿಲ್ಲದ ಗಂಡಸು ದಿನಾ ಬೆಳಿಗ್ಗೆ ತಪ್ಪದೆ ಅಶ್ವತ್ಥ ಸುತ್ತುತ್ತಾನೆ ಅಂತ ಆಕೆ ಊರಿಗೆ ಸುದ್ದಿ ಮುಟ್ಟಿಸಿದ್ದರು.

ಒಂದು ಶನಿವಾರ ನಾನು ರಂಗೋಲಿ ಬಿಡುತ್ತಿದ್ದೆ. ಎದುರಿಗೆ ನಾಲ್ಕು ಪಾದ ಬಂದು ನಿಂತವು. ತಲೆ ಎತ್ತಿದರೆ ಅತ್ತೆ, ಮಾವ. ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ರಂಗೋಲಿ ಬಟ್ಟಲು ನನ್ನ ಕೈಯಿಂದ ಬಿದ್ದು ಉರುಳಿಕೊಂಡು ಹೋಯಿತು. ಅತ್ತೆಯ ಕಣ್ಣಲ್ಲಿ ನೀರು. "ನಮಗೊಂದು ಮಾತು ಹೇಳ್ಬಾರ್ದೇನೆ. ಹರಕೆ ಹೊತ್ಕೊಂಡು ನನ್ನ ಮಗ ಒಬ್ನೇ ಸುತ್ತುತಾವ್ನಂತಲ್ಲ" ಅಂದವರೇ ಕಟ್ಟೆಯ ಕಡೆ ನಡೆದರು.

ಕಟ್ಟೆಯ ಹತ್ತಿರ ನಮ್ಮವರು ಆಗಷ್ಟೇ ಸುತ್ತು ಶುರು ಮಾಡಿದ್ದರು. ಅಪ್ಪನನ್ನು ಕಂಡರು. ಬ್ರೇಕ್ ಹಿಡಿದರೆ ಗಾಡಿ ನಿಲ್ಲುತ್ತಿತ್ತು. ಹಿಡಿಯುವ ಧೈರ್ಯ ಬರಲಿಲ್ಲ. ಸುತ್ತುತ್ತಲೇ ಇದ್ದರು.

ಮಾವ ಕೈ ಮುಗಿದುಕೊಂಡೇ ನಿಂತಿದ್ದರು. ಎರಡನೇ ಸುತ್ತಿಗೆ ತಲೆ ಒಂದು ಪಕ್ಕಕ್ಕೆ ವಾಲಿತು. ಮೂರನೇ ಸುತ್ತಿಗೆ ಕೈ ಕೆಳಗಿಳಿಯಿತು. ಹತ್ತು ವರ್ಷ ಆ ಎಂಜಿನ್ನನ್ನು ಬೆನ್ನಿಗೆ ಹೊತ್ತವರು. ಅದರ ಕೆಮ್ಮು ಅವರಿಗೆ ಮಗನ ಕೆಮ್ಮಿಗಿಂತ ಚೆನ್ನಾಗಿ ಗೊತ್ತು. ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಬೆಂಗಳೂರಿಂದ ಪಾರ್ಟು ಬಂತೇನವ್ವ?"

ಭೂಮಿ ಬಾಯಿ ಬಿಡಲಿಲ್ಲ. "ಪಾರ್ಟು ಕೆಟ್ಟಿರ್ಲೇ ಇಲ್ಲ ಮಾವ" ಅಂದೆ. ಅವರು ನನ್ನನ್ನು ಬೈಯಲಿಲ್ಲ. "ನಿನ್ನ ಮಾತೊಂದ ನಂಬಿದ್ದೆ" ಅಂದರು, ಅಷ್ಟೆ. ಬೈದಿದ್ದರೆ ಆ ಬೆಳಿಗ್ಗೆ ನನಗೆ ತಿಂಡಿ ಸೇರುತ್ತಿತ್ತು.

ಬೈಗುಳವೆಲ್ಲ ಮಗನ ಪಾಲಿಗೆ ಹೋಯಿತು, ಅದೂ ಕಂತಿನಲ್ಲಿ. "ನಿಲ್ಸೋ" ಅಂದರು ಮಾವ. "ನಿಲ್ಸಬ್ಯಾಡ ಕಣೋ, ಹನ್ನೆಲ್ಡು" ಅಂದರು ಅತ್ತೆ. ಅವರು ಬಂದಾಗಿನಿಂದ ಎಣಿಸುತ್ತಿದ್ದರು.

"ನನ್ನ ಮಷೀನು ಕಣೋ ಅದು." ಗಾಡಿ ದಾಟಿ ಹೋಯಿತು. ಮಾವ ಕಾದರು. "ಹೂವೆಲ್ಲ ಜಿಗಿಹುಳದ ಪಾಲಾಗ್ತೈತೆ." ಮತ್ತೆ ಕಾದರು. "ಪಕ್ಕದ ತೋಟದೋನ ಕೈಪಂಪು ಬೇಡ್ಕೊಂಡ್ ಬಂದೆ ಕಣೋ, ನಾನು, ಬೇಡ್ಕೊಂಡು."

"ಸುಮ್ಕಿರಿ, ಎಣಿಕೆ ತಪ್ತದೆ" ಅಂದರು ಅತ್ತೆ. "ಮಷೀನೋ ಗಿಶೀನೋ, ಸುತ್ತು ಸುತ್ತೇ. ನಡುವೆ ನಿಲ್ಸಿದ್ರೆ ಫಲ ಇಲ್ಲ." ಪ್ರದಕ್ಷಿಣೆಗೆ ಬಂದ ಹೆಂಗಸರೆಲ್ಲ ಹೌದು ಹೌದು ಅಂದರು. ಭಾಯಿ ಅಂಗಡಿ ತೆರೆಯಲು ಹೋಗುತ್ತಿದ್ದವರು ತಮ್ಮ ಎಂಜಿನ್ ಎಷ್ಟು ತಡೆಯುತ್ತದೆ ನೋಡೋಣ ಅಂತ ನಿಂತರು. ಎಂಬತ್ತಾರಕ್ಕೆ ಪೆಟ್ರೋಲು ಮುಗಿಯಿತು. ಉಳಿದ ಇಪ್ಪತ್ತೆರಡು ಸುತ್ತನ್ನು ನಮ್ಮವರು ಗಾಡಿ ತಳ್ಳಿಕೊಂಡು ಹಾಕಿದರು. ಮಾವ ಪಕ್ಕದಲ್ಲೇ ನಡೆಯುತ್ತಾ ಉಳಿದ ಬೈಗುಳವನ್ನು ಕಂತು ಮಾಡದೆ ಒಟ್ಟಿಗೆ ಕೊಟ್ಟರು.

ಮಧ್ಯಾಹ್ನದ ಬಸ್ಸಿಗೆ ಮಾವ ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಕುಣಿಗಲ್ಲಿಗೆ ಹೊರಟರು. ಲಟ್ಟಣಿಗೆಯೂ ಅದರ ಜೊತೆಗೇ ಹೋಯಿತು. ಆಮೇಲೆ ವಾರವಾರ ಫೋನು ಬರುತ್ತಿತ್ತು. ಆದರೆ ಮಾವ ಮಗನ ಹತ್ತಿರ ಮಾತಾಡಿ ಇಟ್ಟುಬಿಡುತ್ತಿದ್ದರು. ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ. ಕೇಳಿ ಏನು ಪ್ರಯೋಜನ ಅಂತ ನನಗೂ ಅರ್ಥವಾಗಿತ್ತು.

ಮುಂದಿನ ವರ್ಷ ಮಾವು ಹೂ ಬಿಡುವ ಹೊತ್ತಿಗೆ ನಮಗೆ ಮಗಳು ಹುಟ್ಟಿದಳು. ಅತ್ತೆ ಊರೆಲ್ಲ ಏನು ಹೇಳಿಕೊಂಡು ಬಂದರೋ ನನಗೆ ಗೊತ್ತಿಲ್ಲ. ನಾಮಕರಣವಾದ ವಾರಕ್ಕೆ ಬೂತಿನಿಂದ ಫೋನು ಬಂತು. ನಾನೇ ಎತ್ತಿಕೊಂಡೆ. ಈ ಸಲ ಮಾವ ಮಗನನ್ನು ಕರಿ ಅನ್ನಲಿಲ್ಲ. ದನಿ ತಗ್ಗಿಸಿದರು.

"ಅವ್ವ, ಇಲ್ಲಿ ಎರಡು ಜೋಡಿ ಗಂಡ ಹೆಂಡ್ತಿ ಬಂದು ನಿಂತವ್ರೆ. ಮದ್ವೆಯಾಗಿ ವರ್ಷ ಆಯ್ತಂತೆ, ಮಕ್ಕಳಿಲ್ವಂತೆ. ಅರಳೀಮರ ಸುತ್ತಕ್ಕೆ ನನ್ನ ಮಷೀನು ಬೇಕಂತೆ. ತೋಟಕ್ಕೆ ಔಷಧಿ ಹೊಡೀಬೇಕು ಅಂದ್ರೆ ಕೇಳ್ತಿಲ್ಲ. ಏನ್ ಹೇಳ್ಲಿ?"

"ಬೆಂಗಳೂರಿಂದ ಪಾರ್ಟ್ ಬಂದಿಲ್ಲ ಅಂದ್ಬಿಡಿ ಮಾವ" ಅಂದೆ.

ಆ ಕಡೆಯಿಂದ ಮಾವ ಅಂದರು: "ತಡಿ, ಅವ್ರ ಕೈಗೇ ಫೋನ್ ಕೊಡ್ತೀನಿ. ನೀನೇ ಹೇಳ್ಬುಡವ್ವ. ನಿನ್ನ ಮಾತಾದ್ರೆ ನಂಬ್ತಾರೆ."