ಒನಕೆಗೆ ಕಟ್ಟಿದ ಬಾವುಟ

ಹಬ್ಬ ಎಂದಮೇಲೆ ಗದ್ದಲ ಇರಬೇಕು ಎನ್ನುವವರ ಪೈಕಿ ನಾನೂ ಒಬ್ಬ. ಆದರೆ ನನ್ನ ಹಣೆಬರಹ ನೋಡಿ, ದೇಶದ ದೊಡ್ಡ ಹಬ್ಬಗಳೆಲ್ಲ ನನ್ನ ಪಾಲಿಗೆ ಪಿಸುಮಾತಿನಲ್ಲೇ ಬಂದವು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ನಾನು ಕಲ್ಯಾಣದಲ್ಲಿ ಮಾವನ ಮನೆಯಲ್ಲಿದ್ದೆ. ನಮ್ಮದು ನಿಜಾಮರ ಸೀಮೆ. ಬಾವುಟದ ಹೆಸರೆತ್ತಿದರೆ ಠಾಣೆಗೆ ದಾರಿ. ಅಗಳಿ ಹಾಕಿಕೊಂಡು, ಕತ್ತಲ ಕೋಣೆಯಲ್ಲಿ ಕೂತು ಎಲ್ಲರೂ ಒಂದೊಂದು ಚೂರು ಬೆಲ್ಲ ತಿಂದೆವು. ಕೇಳಿದ್ದೆಲ್ಲ ಓಣಿಗೆ ಸಾರುತ್ತಿದ್ದ ನಮ್ಮ ಮೂರು ವರ್ಷದ ಮಗಳು ನೀಲಮ್ಮನಿಗೆ ಮಾತ್ರ ಎರಡು ಚೂರು. ಪ್ರೀತಿಗಲ್ಲ, ಬಾಯಿ ಮುಚ್ಚಿರಲಿ ಎಂದು.

ಆಮೇಲೆ ಬಂದ ದಿನಗಳು ಬಹಳ ಕೆಟ್ಟವು. ಹುಮನಾಬಾದಿನಲ್ಲಿ ನಮ್ಮ ಅಂಗಳಕ್ಕೂ ಪಕ್ಕದ ಮುಸ್ಲಿಂ ಮನೆಯ ಖಾಲಾ ಅವರ ಅಂಗಳಕ್ಕೂ ಒಂದೇ ನಡುಗೋಡೆ. ರಜಾಕಾರರ ಹಾವಳಿಯಲ್ಲಿ ಗೋಡೆಯ ಈ ಕಡೆ, ಸೈನ್ಯ ಬಂದಮೇಲೆ ಆ ಕಡೆ, ಎರಡೂ ಕಡೆ ಅತ್ತವರು ನಾವು. ಅದನ್ನು ನೆನೆದರೆ ಈ ಕಥೆ ಮುಂದೆ ಹೋಗುವುದಿಲ್ಲ. ಅಂತೂ ನಿಜಾಮರ ರಾಜ್ಯ ಮುಗಿಯಿತು, ನಾನು ಅದೇ ಶಾಲೆಯ ಅದೇ ಮುರುಕು ಕುರ್ಚಿಯಲ್ಲಿ ಮಾಸ್ತರನಾಗಿ ಉಳಿದೆ, ನೀಲಮ್ಮ ಒಂದನೆಯ ಇಯತ್ತೆಗೆ ಬಂದಳು. ಆಗ ಸುದ್ದಿ ಬಂತು: ಜನವರಿ ಇಪ್ಪತ್ತಾರಕ್ಕೆ ದೇಶ ಗಣರಾಜ್ಯವಾಗುತ್ತದೆ, ಶಾಲೆಯಲ್ಲಿ ಝಂಡಾ ಏರಿಸಬೇಕು, ಮಕ್ಕಳೆಲ್ಲ ಸಲಾಮು ಹೊಡೆಯಬೇಕು, ಕೊನೆಗೆ ಬೂಂದಿ ಉಂಡಿ.

ನೀಲಮ್ಮ ಅಂದಿನಿಂದ ಸಲಾಮಿನ ಅಭ್ಯಾಸಕ್ಕೆ ನಿಂತಳು. ಎಮ್ಮೆಗೆ ಸಲಾಮು, ನೀರಿನ ಹಂಡೆಗೆ ಸಲಾಮು, ಎಣ್ಣೆ ಮಾರಲು ಬಂದ ಗಾಣಿಗರಿಗೆ ಸಲಾಮು. ಪಾಪ, ಅವರು ಸಂಕೋಚಪಟ್ಟು ಒಂದು ಪಳಿ ಎಣ್ಣೆ ಹೆಚ್ಚಿಗೆ ಸುರಿದು ಹೋದರು. ಇಷ್ಟೆಲ್ಲ ತಯಾರಿಯಾಗಿ, ಹಬ್ಬ ನಾಳೆ ನಾಡಿದ್ದು ಎನ್ನುವಾಗ ಮಗುವಿಗೆ ಕೆಂಡದಂಥ ಜ್ವರ, ಮೈತುಂಬ ಕೆಂಪು ಗುಳ್ಳೆ. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಮನೆಯ ಹೆಂಗಸರು ಆ ಹೆಸರೂ ಎತ್ತದೆ, "ಅಮ್ಮ ಬಂದಾಳ" ಎಂದು ಕೈ ಮುಗಿಯುತ್ತಾರೆ.

ಅಮ್ಮ ಬಂದ ಮನೆಯ ಕಾನೂನು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಒಗ್ಗರಣೆ ಹಾಕುವಂತಿಲ್ಲ, ಕುಟ್ಟುವಂತಿಲ್ಲ, ಗಡ್ಡ ಬೋಳಿಸುವಂತಿಲ್ಲ, ದನಿ ಎತ್ತುವಂತಿಲ್ಲ, ಹೊರಗಿನವರು ಹೊಸ್ತಿಲು ದಾಟುವಂತಿಲ್ಲ, ಒಳಗಿನವರು ನಾಲ್ಕು ಮಂದಿಯಲ್ಲಿ ಬೆರೆಯುವಂತಿಲ್ಲ. ನನ್ನ ಹೆಂಡತಿ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿ, ನನ್ನನ್ನೂ ಶಾಲೆಗೆ ಹೋಗದಂತೆ ಕೂರಿಸಿದಳು. ಹಿಂದೆ ನಮ್ಮ ಬಾಯಿ ಮುಚ್ಚಿಸಿದ್ದು ಸರ್ಕಾರ, ಈ ಸಲ ಸಾಕ್ಷಾತ್ ದೇವಿ. ಸರ್ಕಾರದ ಮೇಲಾದರೂ ಅರ್ಜಿ ಹಾಕಬಹುದು.

ಇಪ್ಪತ್ತಾರರ ಬೆಳಿಗ್ಗೆ ಜ್ವರ ಸ್ವಲ್ಪ ಇಳಿದಿತ್ತು. ಶಾಲೆಯ ಗಂಟೆ ಕೇಳಿದ್ದೇ ತಡ, ನೀಲಮ್ಮನ ಕಣ್ಣಲ್ಲಿ ನೀರು.

"ಅಪ್ಪಾ, ಎಲ್ಲಾರೂ ಸಲಾಮ್ ಹೊಡ್ಯಾಕತ್ತಾರ. ನಾ ಅಷ್ಟ ಇಲ್ಲಿ ಬಿದ್ದೀನಿ. ಅಮ್ಮಗ ಇವತ್ತ ಸೂಟಿ ಇಲ್ಲೇನು?"

"ಮನ್ಯಾಗ ಏರಸೂಣು ಬಿಡು" ಎಂದುಬಿಟ್ಟೆ. ಹೆಂಡತಿ ಬೇವಿನ ಎಸಳು ಹಿಡಿದು ಗಾಳಿ ಹಾಕುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. "ಏರಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಜೈ ಗಿಯ್ ಅಂತ ಒದರಿದ್ರ ಅಮ್ಮ ಸಿಟ್ಟಾಗ್ತಾಳ. ಏನ್ ಅನ್ನೂದದ ಮನಸಿನಾಗ ಅನ್ರಿ."

ಕುಟ್ಟುವ ಕೆಲಸವಿಲ್ಲದೆ ಒನಕೆಗೂ ಸೂಟಿ ಇತ್ತು. ಅದನ್ನೇ ಪಡಸಾಲೆಯ ಒರಳಿನಲ್ಲಿ ನಿಲ್ಲಿಸಿ ಸುತ್ತ ಅರಿವೆ ತುರುಕಿದೆ. ಕೇಸರಿಗೆ ಹೆಂಡತಿಯ ಹಳೆಯ ಸೀರೆಯ ತುಂಡು, ಬಿಳಿಗೆ ನನ್ನ ಧೋತರ. ಹಸಿರಿಗೇನು ಮಾಡುವುದು ಎಂದು ನಾನು ತಲೆ ಕೆರೆದುಕೊಳ್ಳುವಾಗ ನಡುಗೋಡೆಯ ಮೇಲಿಂದ ಖಾಲಾ ಒಂದು ಹಸಿರು ಓಢಣಿಯ ಚೂರು ಎಸೆದರು. "ಅಮ್ಮ ಇದ್ದಾಳಂತ ನಾ ಒಳಗ ಬರಂಗಿಲ್ರಿ ಮಾಸ್ತರ್ ಸಾಬ್. ಇಲ್ಲಿಂದನ ನೋಡ್ತೀನಿ. ಬೇಟಿಗಿ ಖುಷಿ ಆಗ್ಲಿ." ಬಟ್ಟೆಗೆ ಹಾಕುವ ನೀಲಿಯಲ್ಲಿ ನಾನೇ ಚಕ್ರ ಬರೆದೆ. ನೀಲಮ್ಮ ಬಹಳ ಹೊತ್ತು ದಿಟ್ಟಿಸಿ ಕೇಳಿದಳು, "ಅಪ್ಪಾ, ಗಾಲಿ ಆತು, ಎತ್ತು ಎಲ್ಲಿ?"

ಬಾವುಟದ ಮಡಿಕೆಯಲ್ಲಿ ಹೂ ಇಡುವುದು ವಾಡಿಕೆ. ಹೂವಿರಲಿಲ್ಲ, ಮಗಳು ತನ್ನ ಹಾಸಿಗೆಯ ಬೇವಿನೆಲೆಗಳನ್ನೇ ಆರಿಸಿ ಕೊಟ್ಟಳು. ದಾರ ಎಳೆದೆ. ಎಲೆಗಳು ಅವಳ ತಲೆಯ ಮೇಲೆ ಸುರಿದವು. ಜ್ವರ ಬಂದಾಗಿನಿಂದ ನಗದ ಕೂಸು ನಕ್ಕಿತು. ಆಮೇಲೆ ಗೋಡೆ ಹಿಡಿದು ಎದ್ದು ನಿಂತು, ಗುಳ್ಳೆ ಎದ್ದ ಪುಟ್ಟ ಕೈಯನ್ನು ಹಣೆಗೆ ಹಚ್ಚಿತು. ನೆಟ್ಟಗೆ ನಿಂತೆ. ಬಾಯಿ ತಾನಾಗಿ ತೆರೆಯಿತು. ಹಾಡಿದೆ.

ಹಾಡಿದ್ದು ಯಾವುದು? ಮಾಸ್ತರಿಕೆಗೆ ಸೇರಿದಂದಿನಿಂದ ದಿನಾ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುತ್ತಿದ್ದ, ನಿಜಾಮ ಹುಜೂರರ ಆಯುಷ್ಯ ಹೆಚ್ಚಲಿ ಎನ್ನುವ ಆ ಉರ್ದು ಹಾಡು! ನೆಟ್ಟಗೆ ನಿಂತರೆ ನನ್ನ ನಾಲಿಗೆಗೆ ಬೇರೆ ಹಾಡೇ ಗೊತ್ತಿರಲಿಲ್ಲ.

ನಡುಗೋಡೆಯ ಮೇಲೆ ಖಾಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಯಾ ಅಲ್ಲಾ! ಮಾಸ್ತರ್ ಸಾಬ್, ಆ ಜಮಾನಾ ಮುಗೀತಲ್ರಿ!"

ಹೆಂಡತಿ ಹಣೆ ಚಚ್ಚಿಕೊಂಡಳು. ನಾನು ಅರ್ಧ ಸಾಲಿನಲ್ಲೇ ನಿಂತೆ. ನೀಲಮ್ಮನ ಕೈ ಹಣೆಯಿಂದ ಮೆಲ್ಲಗೆ ಇಳಿಯಿತು.

"ಅವ್ವಾ, ಅಪ್ಪ ತಪ್ಪು ಹಾಡಿದ್ನ? ಹಂಗಾರ ನಮ್ಮ ಹಬ್ಬ ಆಗಲಿಲ್ಲೇನು?"

ಆಗ ನನ್ನ ಹೆಂಡತಿ, ಒಗ್ಗರಣೆಯ ಚಟಪಟವನ್ನೂ ನಿಷೇಧಿಸಿದ್ದ ಆ ಮಹಾತಾಯಿ, ಬೇವಿನ ಎಸಳು ಹಿಡಿದ ಕೈ ಮೇಲೆತ್ತಿ ಓಣಿಗೆಲ್ಲ ಕೇಳುವಂತೆ "ಜೈ ಹಿಂದ್!" ಎಂದಳು. ಗೋಡೆಯಾಚೆಯಿಂದ ಖಾಲಾ, "ಜೈ ಹಿಂದ್!" ಮಗಳ ಸಣ್ಣ ದನಿ ಅದರ ಹಿಂದೆಯೇ. ಮರುಗಳಿಗೆ ಹೆಂಡತಿ ನಾಲಿಗೆ ಕಚ್ಚಿಕೊಂಡು, "ತಪ್ಪಾತವ್ವಾ ತಾಯಿ, ಹೊಟ್ಟ್ಯಾಗ ಹಾಕ್ಕೋ" ಎಂದು ಗಲ್ಲ ಗಲ್ಲ ಬಡಿದುಕೊಂಡಳು. ದೇವಿ ಹೊಟ್ಟೆಗೆ ಹಾಕಿಕೊಂಡಳು, ಮಗು ಚೇತರಿಸಿಕೊಂಡಿತು.

ಮುಂದೆ ಪತ್ರಿಕೆಯಲ್ಲಿ ಓದಿದೆ: ಅದೇ ದಿನ ಹೈದರಾಬಾದಿನಲ್ಲಿ ನಮ್ಮ ಹಳೆಯ ಹುಜೂರರೇ ಹೊಸ ರಾಜ್ಯದ ರಾಜಪ್ರಮುಖರಾಗಿ, ಎಂದರೆ ರಾಜ್ಯಪಾಲರ ಸ್ಥಾನದಲ್ಲಿ, ಪ್ರಮಾಣವಚನ ತೆಗೆದುಕೊಂಡಿದ್ದರು! ಹಾಗಾದರೆ ನಾನು ಹಾಡಿದ್ದು ಅಷ್ಟೇನೂ ತಪ್ಪಲ್ಲವಲ್ಲ ಎಂದು ಪತ್ರಿಕೆ ಹಿಡಿದು ಹೆಂಡತಿಯ ಮುಂದೆ ಹೋದೆ. "ಅವರ ಬುದ್ಧೀನ ಬದಲಾತು, ನಿಮಗ ಒಂದ್ ಹಾಡು ಬದಲಸಾಕ ಆಗಲಿಲ್ಲ" ಎಂದಳು.

ಈಗ ನೀಲಮ್ಮನೇ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಪ್ರತಿ ಗಣರಾಜ್ಯೋತ್ಸವಕ್ಕೆ ನನ್ನನ್ನು ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಾಳೆ. ಬಾವುಟದ ದಾರ ಎಳೆಯುವ ಮೊದಲು ಮಾತ್ರ ನನ್ನ ಕಿವಿಯ ಹತ್ತಿರ ಬಗ್ಗಿ, ಅವಳವ್ವನದೇ ದನಿಯಲ್ಲಿ ಹೇಳುತ್ತಾಳೆ: "ಅಪ್ಪಾ, ನೀ ಮನಸಿನಾಗ ಹಾಡು."

ಹಾಗೆಯೇ ಹಾಡುತ್ತೇನೆ. ಮನಸ್ಸಿನಲ್ಲಿ ಯಾವುದು ಮೊದಲು ಬರುತ್ತದೆ ಎಂದು ಅವಳೂ ಕೇಳಿಲ್ಲ, ನಾನೂ ಹೇಳಿಲ್ಲ.