ಗಿಳಿಹಸಿರು ಸೀರೆಯೂ ರಂಗಮ್ಮನ ಮೊಬೈಲೂ

ನನಗೆ ಕೋಪ ಬರುವುದು ಕಡಿಮೆ. ಬಂದರೂ ಊಟದ ಹೊತ್ತಿಗೆ ಇಳಿದಿರುತ್ತದೆ ಎಂದು ಹೆಂಡತಿಯೇ ಹೇಳುತ್ತಾಳೆ. ಆದರೆ ಮೊಬೈಲ್ ಫೋನಿನ ಮೇಲಿನ ಕೋಪ ಮಾತ್ರ ಎರಡು ವರ್ಷವಾದರೂ ಇಳಿದಿಲ್ಲ. ಅದರಿಂದ ಸಣ್ಣ ವ್ಯಾಪಾರಗಳೆಲ್ಲ ಉದ್ಧಾರವಾಗುತ್ತವೆಂದು ಪೇಪರಿನವರು ಬರೆಯುತ್ತಾರೆ. ಬರೆಯಲಿ. ನನ್ನದೂ ಸಣ್ಣ ವ್ಯಾಪಾರವೇ ಆಗಿತ್ತಲ್ಲ, ಅದರ ಗತಿಯೇನಾಯಿತೆಂದು ಒಬ್ಬರಾದರೂ ಕೇಳಿದರೇ?

ನಾನು ಸೀರೆ ದಲ್ಲಾಳಿ. ಸೂಲೂರಿನ ಆಚೆ ನಮ್ಮ ಕನ್ನಡದವರ ಮಗ್ಗದ ಮನೆಗಳಿವೆ. ಅಲ್ಲಿಂದ ಸೀರೆ ಹೊತ್ತು ಕೊಯಮತ್ತೂರಿನ ಅಂಗಡಿಗಳಿಗೆ ಹೋಗುವುದು, ಯಾವ ಬಣ್ಣ ಓಡುತ್ತಿದೆ ಎಂಬ ಸುದ್ದಿ ಹೊತ್ತು ವಾಪಸು ಬರುವುದು; ಇಪ್ಪತ್ತು ವರ್ಷ ಇದೇ ಕೆಲಸ. ನೇಯುವವರು ಅಂಗಡಿ ಕಂಡವರಲ್ಲ, ಅಂಗಡಿಯವರು ಮಗ್ಗ ಕಂಡವರಲ್ಲ. ನಡುವೆ ನಾನೊಬ್ಬನೇ ಎಲ್ಲ ಬಲ್ಲವನು. ನಾನು ಬಂದೆನೆಂದರೆ ಮಗ್ಗದ ಸದ್ದು ನಿಲ್ಲುತ್ತಿತ್ತು, ಕಾಫಿ ಬರುತ್ತಿತ್ತು, ಮುದುಕರೂ ಜಗಲಿಗೆ ಬಂದು ಕೂರುತ್ತಿದ್ದರು. ಅಷ್ಟು ಗೌರವ ನನಗೆ ಸ್ವಂತ ಮನೆಯಲ್ಲಿ ಎಂದೂ ಸಿಕ್ಕಿದ್ದಿಲ್ಲ.

ಆ ಮಗ್ಗದ ಮನೆಗಳಲ್ಲಿ ರಂಗಮ್ಮನದೂ ಒಂದು. ಗಂಡ ತೀರಿಕೊಂಡ ಮೇಲೆ ಎರಡು ಮಗ್ಗ ನಂಬಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದವಳು. ಒಂದು ದಿನ ಹೋಗಿ ನೋಡಿದರೆ, ಮಗ್ಗದ ಪಕ್ಕದ ಮೊಳೆಯಲ್ಲಿ ಮೊಬೈಲ್ ನೇತಾಡುತ್ತಿದೆ! ನಾನು ಕಾಣದವನಂತೆ ಕೂತು, ಎಂದಿನ ಗತ್ತಿನಲ್ಲಿ, "ಗಿಳಿಹಸಿರು ಯಾರಿಗೂ ಬೇಡವಂತಮ್ಮ. ಸಾಸಿವೆ ಬಣ್ಣವನ್ನೇ ನೇಯಿ" ಎಂದೆ.

"ಯಾರು ಹೇಳಿದ್ದಣ್ಣಾ?"

ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ! "ಅಂಗಡಿಯ ಯಜಮಾನ, ಮುದಲಾಳಿಯೇ" ಎಂದೆ.

ರಂಗಮ್ಮ ಫೋನು ತೆಗೆದು, ಅಂಗಡಿಯ ಚೀಲದ ಮೇಲಿದ್ದ ನಂಬರು ಒತ್ತಿ, ಸ್ಪೀಕರ್ ಹಾಕಿದಳು. ಮುದಲಾಳಿ ತಮಿಳಿನಲ್ಲಿ ಮನೆಯೆಲ್ಲ ಕೇಳುವಂತೆ ಕೂಗಿದ: ಮದುವೆ ಕಾಲ, ಗಿಳಿಹಸಿರು ಎಷ್ಟಿದ್ದರೂ ಬೇಕು, ನಿಮ್ಮ ದಲ್ಲಾಳಿ ಒಂದು ತಿಂಗಳಿಂದ ಈ ಕಡೆ ತಲೆಯೇ ಹಾಕಿಲ್ಲ. ನಿಜ. ಬಿಸಿಲಿಗೆ ಹೆದರಿ ನಾನು ಹೋಗಿರಲಿಲ್ಲ. ಹಳೆಯ ಸುದ್ದಿಯನ್ನೇ ಬಿಸಿ ಮಾಡಿ ಬಡಿಸಿದ್ದೆ.

ರಂಗಮ್ಮ ಕೂಗಾಡಲಿಲ್ಲ. "ಹೋದ ವರ್ಷ ನಿಮ್ಮ ಮಾತು ಕೇಳಿ ಬರೀ ಸಾಸಿವೆ ಬಣ್ಣ ನೇಯ್ದೆ. ಒಂದೂ ಹೋಗಲಿಲ್ಲ. ದೊಡ್ಡವಳ ಸ್ಕೂಲು ನಿಂತದ್ದು ಆವಾಗ್ಲೇ. ಅದೂ ಹಿಂಗೇ ಹೇಳಿದ್ದಾ ಅಣ್ಣಾ?"

ಕಾಫಿ ಲೋಟ ಅರ್ಧಕ್ಕೇ ಕೆಳಗಿಟ್ಟು ಬಸ್ಸು ಹಿಡಿದೆ. ಅಲ್ಲ, ಹಿರಿಯರನ್ನು ಹೀಗೆ ಕೂರಿಸಿಕೊಂಡು ವಿಚಾರಣೆ ಮಾಡಲು ಬಿಡುವ ಯಂತ್ರವನ್ನು ಸರ್ಕಾರವಾದರೂ ಹೇಗೆ ಒಪ್ಪಿತು? ಬಸ್ಸಿನಲ್ಲಿ ಪಕ್ಕದವನಿಗೆ ಕೇಳುವಂತೆಯೇ ಅದನ್ನು ಬೈದೆ. ಆದರೆ ಆ ಹುಡುಗಿಯ ಸ್ಕೂಲಿನ ನೆನಪು ಬಂದಾಗಲೆಲ್ಲ ಬೈಗುಳ ನನ್ನ ಕಡೆಗೇ ತಿರುಗುತ್ತಿತ್ತು. ಆಗ ಕಿಟಕಿಯಾಚೆ ನೋಡುತ್ತಿದ್ದೆ.

ಈಗ ರಂಗಮ್ಮನದು ನಾಲ್ಕು ಮಗ್ಗ. ದೊಡ್ಡವಳು ಮತ್ತೆ ಸ್ಕೂಲಿಗೆ ಹೋಗುತ್ತಾಳೆ, ಸಂಜೆ ಫೋನಿನಲ್ಲಿ ಆರ್ಡರು ಹಿಡಿಯುತ್ತಾಳೆ. ಒಂದು ದಿನ ರಂಗಮ್ಮನೇ ನನ್ನನ್ನು ಕರೆಸಿ, "ಸೀರೆ ತಲುಪಿಸೋಕೆ ಆಳು ಬೇಕಣ್ಣಾ. ಸುದ್ದಿ ಬೇಡ, ಸೀರೆ ಮಾತ್ರ. ಒಂದು ಮೊಬೈಲ್ ವಾಂಗಿಕೊಳ್ಳಿ, ಶರಿಯಾ?" ಎಂದಳು. ಮಾನ ಬಿಟ್ಟು ಮೊಬೈಲ್ ಕೊಂಡೆ.

ಮೊದಲ ವಾರವೇ ಅದು ಬಡಿದುಕೊಂಡಿತು. ಕೊಯಮತ್ತೂರಿನ ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿನಲ್ಲಿ, ಪಲ್ಲಡಂ ಊರಿಗೆ ಹೊರಟ ಬಸ್ಸಿನ ಪಕ್ಕ ನಿಂತಿದ್ದೆ, ಕೈಯಲ್ಲಿ ಬೋಂಡಾ.

"ಎಲ್ಲಿದ್ದೀರಣ್ಣಾ?" ಎಂದಳು ರಂಗಮ್ಮ.

"ತಲುಪಿಬಿಟ್ಟೆನಮ್ಮ, ಅಂಗಡಿಯೊಳಗೇ ಇದ್ದೇನೆ."



"ಹೌದಾ? ಅಂಗಡಿಯೊಳಗೆ ಯಾರಣ್ಣಾ 'ಪಲ್ಲಡಂ, ಪಲ್ಲಡಂ' ಅಂತ ಕೂಗ್ತಿರೋದು?"